ಹದಿನೇಳನೇ ಲೆಕ್ಕ

ಬೆಳಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟ ಮೇಲೆ ನಾನು ಮೊದಲು ಮಾಡುವ ಕೆಲಸ ಲ್ಯಾಪ್‌ಟಾಪ್ ತೆರೆದು ಚುಕ್ಕೆ ನೋಡುವುದು. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದರ ಪಕ್ಕ ಒಂದು ಚುಕ್ಕೆ ಬೀಳುತ್ತಾ ಹೋಗುತ್ತದೆ. ಒಟ್ಟು ನಲವತ್ತೊಂದು. ಕೆಳಗೆ ‘ಓಕೆ’ ಅಂತ ಬರುತ್ತದೆ. ಎಲ್ಲ ಸೇರಿ ಒಂದು ಸಲ ಸೀನಿದಷ್ಟು ಹೊತ್ತು. ನನ್ನ ಹೆಂಡತಿ ಹೊಸಿಲು ಸಾರಿಸಿ ಒಳಗೆ ಬರುತ್ತಾ, ‘ನಂದು ರಂಗೋಲಿ ಆಯ್ತು, ನಿಮ್ದು ಆಯ್ತಾ?’ ಅಂತ ಕೇಳುತ್ತಿದ್ದಳು. ಈಗ ಆ ತಮಾಷೆ ಮಾಡುವುದನ್ನು ಬಿಟ್ಟಿದ್ದಾಳೆ.

ಆ ಚುಕ್ಕೆಗಳಲ್ಲಿ ಹದಿನೇಳನೆಯದರ ವಿಷಯ ಬರೆಯಬೇಕು ಅಂತ ಕೂತಿದ್ದೇನೆ. ಕೊನೆಯದು, ನಲವತ್ತೊಂದನೆಯದು, ಅದರಿಂದಲೇ ಹುಟ್ಟಿದ್ದು.

ನಾನು ಓದಿದವನಲ್ಲ. ಎಂಟನೇ ಕ್ಲಾಸಿನ ನಡುವೆಯೇ ಅಪ್ಪ ಶಾಲೆ ಬಿಡಿಸಿದರು, ಮನೆಗೆ ದುಡಿಯುವ ಕೈ ಬೇಕಿತ್ತು. ನಾನು ಅಳಲಿಲ್ಲ. ನನ್ನ ಅಕ್ಕ ಅತ್ತಳು. ಆಮೇಲೆ ಶಿಕಾರಿಪುರದ ಒಬ್ಬ ಸರ್ವೆಯವರ ಹತ್ತಿರ ಸರಪಳಿ ಎಳೆಯುವ ಕೆಲಸಕ್ಕೆ ಸೇರಿದೆ. ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಹೊಲ ಅಳೆಯುವ ಸರಪಳಿ ಮೂವತ್ತಮೂರು ಅಡಿ ಉದ್ದ. ಅದರಲ್ಲಿ ಹದಿನಾರು ಆಣೆ. ಒಂದಾಣೆ ಅಂದರೆ ಎರಡಡಿಗೆ ಚೂರು ಹೆಚ್ಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅದರಲ್ಲೂ ಹದಿನಾರು ಆಣೆ. ಸರಪಳಿಯ ಒಂದು ತುದಿ ನಾನು ಹಿಡಿದು ಮುಂದೆ ಹೋಗಬೇಕು, ಮುಳ್ಳಿರಲಿ ಕೆಸರಿರಲಿ ನೇರ ಹೋಗಬೇಕು. ಹೋಗಿ ಕೂಗಬೇಕು: ‘ಐದು ಸರಪಳಿ ಎಂಟಾಣೆ!’ ಸಾಹೇಬರು ಅದನ್ನು ಪುಸ್ತಕದಲ್ಲಿ 5.8 ಅಂತ ಬರೆದುಕೊಳ್ಳುವರು. ಚುಕ್ಕೆಯ ಎಡಕ್ಕೆ ಸರಪಳಿ, ಬಲಕ್ಕೆ ಆಣೆ. ನಮ್ಮ ಕಡೆ ಅಳತೆ ಮಾಡುವವರು ಬರೆದುಕೊಳ್ಳುತ್ತಿದ್ದದ್ದೇ ಹಾಗೆ. ನಾನು ಅದನ್ನೇ ಕಲಿತೆ.

ಇಪ್ಪತ್ತೆಂಟು ವರ್ಷ ಎಳೆದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ನಾನು ಕಾಲಿಡದ ಬದು ಕಡಿಮೆ. ನಾನು ಹಿಡಿದ ಸರಪಳಿ ಸಡಿಲ ಇತ್ತು ಅಂತ ಒಬ್ಬನೂ ಹೇಳಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಒಂದು ಸಲ ಮಾತ್ರ ಸಾಹೇಬರು ಗುಂಟೆ ಕೂಡಿಸುವುದನ್ನು ನೋಡುತ್ತಾ, ‘ಸಾಹೇಬ್ರೇ, ಅಲ್ಲಿ ಒಂದು ಜಾಸ್ತಿ ಬಂದಿರಬೇಕು’ ಅಂದೆ. ಅವರು ತಲೆ ಎತ್ತದೆ, ‘ನೀ ಸರಪಳಿ ಬಿಗಿ ಹಿಡಿ. ಲೆಕ್ಕ ನನಗ ಬಿಡು’ ಅಂದರು. ಜೊತೆಗಿದ್ದ ನಾಲ್ಕು ಜನ ನಕ್ಕರು. ಒಂದು ಜಾಸ್ತಿ ಬಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಕ್ಕಿದ್ದು ಮಾತ್ರ ಗೊತ್ತಿದೆ.

ಸಾಹೇಬರ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟರು. ಹೊಸಬರು ಕೋಲಿನ ಮೇಲೆ ಮಷೀನು ಇಟ್ಟುಕೊಂಡು ಬಂದರು. ಅವರಿಗೆ ಸರಪಳಿಯೂ ಬೇಡ, ಸರಪಳಿ ಎಳೆಯುವವನೂ ಬೇಡ. ಊರಿನವರು ಮಾತ್ರ ಅಣ್ಣತಮ್ಮಂದಿರ ಪಾಲು ಅಂದರೆ ಮೊದಲು ನನ್ನನ್ನೇ ಕರೆಯುತ್ತಿದ್ದರು. ತಮ್ಮೊಳಗೆ ಅಳೆದು ಕಲ್ಲು ಹಾಕಿಕೊಂಡು, ಆಮೇಲೆ ಕಾಗದ ಮಾಡಿಸುವುದು ನಮ್ಮ ಕಡೆಯ ರೂಢಿ. ಆದರೆ ಅಳೆದ ಮೇಲೆ ಲೆಕ್ಕಕ್ಕೆ ನಾನು ಇನ್ನೊಬ್ಬರ ಮುಂದೆ ಹೋಗಿ ನಿಲ್ಲಬೇಕಿತ್ತು. ಅದು ನನಗೆ ಆಗಿಬರಲಿಲ್ಲ. ಶಿಕಾರಿಪುರದಲ್ಲಿ ಒಂದು ಕಂಪ್ಯೂಟರ್ ಕಲಿಸುವ ಜಾಗ ಇತ್ತು. ಸೊರಬದಿಂದ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ವಾರಕ್ಕೆ ಮೂರು ದಿನ ಹೋಗಲು ಶುರು ಮಾಡಿದೆ. ಕಲಿಸುತ್ತಿದ್ದ ಹೆಣ್ಣುಮಗಳಿಗೆ ನನ್ನ ಅರ್ಧ ವಯಸ್ಸು. ಅವರು ನನಗೆ ಸರ್ ಅನ್ನುತ್ತಿದ್ದರು, ನಾನು ಅವರಿಗೆ ಮೇಡಂ ಅನ್ನುತ್ತಿದ್ದೆ. ಮೊದಲ ದಿನ ಅವರು, ‘ಮಗನ್ನ ಸೇರಿಸಾಕ ಬಂದೀರೇನ್ರೀ ಸರ್?’ ಅಂತ ಕೇಳಿದರು. ‘ಇಲ್ಲ ಮೇಡಂ, ಮಗ ನಾನೇ’ ಅಂದೆ.

ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಭಾಷೆ ಗೊತ್ತಿರಲಿಲ್ಲ. ಪದಗಳನ್ನು ಆಕಾರ ನೋಡಿ ನೆನಪಿಟ್ಟುಕೊಂಡೆ, ಎತ್ತಿನ ಬಣ್ಣ ನೋಡಿ ಯಾರದು ಅಂತ ಹೇಳುತ್ತೇವಲ್ಲ ಹಾಗೆ. ಒಂಬತ್ತು ತಿಂಗಳಲ್ಲಿ ಪೈಥಾನ್ ಎಂಬ ಭಾಷೆಯಲ್ಲಿ ನನ್ನದೇ ಒಂದು ಪ್ರೋಗ್ರಾಂ ಬರೆದೆ. ಅಳತೆ ಕೊಟ್ಟರೆ ಎಕರೆ, ಗುಂಟೆ, ಆಣೆ ಹೇಳುತ್ತದೆ. ಒಂದು ಕಡೆ ಅಗಲ ಒಂದು ಕಡೆ ಕಿರಿದಾದ ಹೊಲವನ್ನು ಸಮಪಾಲು ಮಾಡಲು ಗೆರೆ ಎಲ್ಲಿ ಬರಬೇಕು ಅಂತಲೂ ಹೇಳುತ್ತದೆ. ಅದು ಮೊದಲ ಸಲ ಸರಿ ಉತ್ತರ ಕೊಟ್ಟ ದಿನ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ನಿಂತು ಎರಡು ಪ್ಲೇಟು ಮಿರ್ಚಿ ತಿಂದೆ.

ಮೇಡಂ ಅಷ್ಟಕ್ಕೆ ಬಿಡಲಿಲ್ಲ. ‘ಸರ್, ಒಂದ್ ಸಲ ಸರಿ ಬಂದ್ರ ಸಾಲದು. ನೀವು ಇವತ್ತು ಒಂದು ಸಾಲು ತಿದ್ದಿದ್ರ ನಿನ್ನೆ ಸರಿ ಇದ್ದದ್ದು ಕೆಟ್ಟಿರ್ತದ, ನಿಮಗ ಗೊತ್ತಾಗೂದಿಲ್ಲ’ ಅಂದರು. ಟೆಸ್ಟ್ ಬರೆಯುವುದನ್ನು ಹೇಳಿಕೊಟ್ಟರು. ಅದು ಹೀಗೆ. ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕ ತೆಗೆದುಕೊಳ್ಳಬೇಕು. ಈ ಅಳತೆ ಕೊಟ್ಟರೆ ಈ ಉತ್ತರ ಬರಬೇಕು ಅಂತ ಬರೆದಿಡಬೇಕು. ಅಂಥವು ಎಷ್ಟು ಬೇಕಾದರೂ ಬರೆದಿಡಬಹುದು. ಟೆಸ್ಟ್ ರನ್ನರ್ ಅಂತ ಒಂದು ಇದೆ, ಅದು ಎಲ್ಲ ಲೆಕ್ಕವನ್ನೂ ಒಂದೇ ಉಸಿರಿಗೆ ಪ್ರೋಗ್ರಾಮಿನಿಂದ ಮಾಡಿಸಿ ಉತ್ತರ ತಾಳೆ ನೋಡುತ್ತದೆ. ಸರಿ ಬಂದರೆ ಒಂದು ಚುಕ್ಕೆ. ತಪ್ಪಿದರೆ ಚುಕ್ಕೆಯ ಜಾಗದಲ್ಲಿ ‘ಎಫ್’ ಅಕ್ಷರ.

ನನಗೆ ಇದು ಬಹಳ ಹಿಡಿಸಿತು. ಕೆಲಸದವನನ್ನು ದಿನಾ ಬೆಳಗ್ಗೆ ಸಾಲಾಗಿ ನಿಲ್ಲಿಸಿ ಕೇಳುವ ಹಾಗೆ. ಉತ್ತರ ಗೊತ್ತಿರುವ ಲೆಕ್ಕ ನನ್ನ ಹತ್ತಿರ ಬೇಕಾದಷ್ಟು ಇತ್ತು. ಸಾಹೇಬರು ಕೆಲಸ ಬಿಡುವಾಗ ತಮ್ಮ ಹಳೆಯ ಅಳತೆ ಪುಸ್ತಕವೊಂದನ್ನು ನನಗೆ ಕೊಟ್ಟಿದ್ದರು. ‘ರದ್ದಿಗೆ ಹಾಕಬ್ಯಾಡ, ಇಟ್ಟುಕೋ’ ಅಂದಿದ್ದರು. ಅದರಿಂದ ನಲವತ್ತು ಲೆಕ್ಕ ಆರಿಸಿದೆ. ಕೆಲವು ಅರ್ಧ ಪುಟದವು, ಕೆಲವು ಎರಡೆರಡು ಪುಟದವು. ಒಂದೊಂದನ್ನೇ ಟೆಸ್ಟ್ ಮಾಡಿ ಬರೆದೆ, ಹದಿನೈದು ದಿನ ಹಿಡಿಯಿತು. ಮೇಡಂ ಎದುರೇ ಓಡಿಸಿದೆ.

ಹದಿನಾರು ಚುಕ್ಕೆ, ಒಂದು ಎಫ್, ಮತ್ತೆ ಇಪ್ಪತ್ತಮೂರು ಚುಕ್ಕೆ.

‘ಒಂದು ಎಫ್ ಐತಿ ನೋಡ್ರಿ ಸರ್’ ಅಂದರು ಮೇಡಂ. ಮುಖದಲ್ಲಿ ಸಂತೋಷ ಇತ್ತು. ಕಲಿಸುವವರಿಗೆ ಅದೊಂದು ಖುಷಿ, ಪ್ರೋಗ್ರಾಮಿನೊಳಗಿನ ಹುಳ ಸಿಕ್ಕಿತಲ್ಲ ಅಂತ.

ಮನೆಗೆ ಬಂದು ಪುಸ್ತಕ ತೆಗೆದೆ. ಹದಿನೇಳನೇ ಲೆಕ್ಕ ಐದು ಮೂಲೆಯ ಒಂದು ಹೊಲದ್ದು. ಸಾಹೇಬರ ಉತ್ತರ ಎರಡು ಎಕರೆ ಮೂವತ್ತೊಂದು ಗುಂಟೆ. ನನ್ನ ಪ್ರೋಗ್ರಾಮಿನದು ಮೂರು ಗುಂಟೆ ಕಡಿಮೆ. ಆ ಪುಟದಲ್ಲಿ ಎರಡು ಕಡೆ ಸಾಹೇಬರು ಅಂಕಿಯ ಮೇಲೆ ಅಂಕಿ ತಿದ್ದಿದ್ದರು, ಮಸಿ ಹರಡಿತ್ತು. ನೋಡಿದ ತಕ್ಷಣ ನನಗೆ ಅನ್ನಿಸಿದ್ದು ಒಂದೇ: ಸಿಕ್ಕಿಬಿದ್ದರು.

ಎರಡು ಪುಟದ ಲೆಕ್ಕ, ಕೈಯಲ್ಲಿ ಮಾಡಿ ನೋಡಬಹುದಿತ್ತು. ಒಂದು ಗಂಟೆಯ ಕೆಲಸ. ನಾನು ಬಿಸಿಲಲ್ಲಿ ಹತ್ತು ಗಂಟೆ ದುಡಿಯುವವನು, ಒಂದು ಗಂಟೆ ನನಗೆ ಯಾವ ದೊಡ್ಡದು? ಮಾಡಲಿಲ್ಲ. ಮೂವತ್ತೊಂಬತ್ತು ಸರಿ ಬಂದಿವೆ, ಒಂದು ಬಂದಿಲ್ಲ ಅಂದರೆ ಆ ಒಂದು ಅವರದೇ ತಪ್ಪು. ಟೆಸ್ಟಿನಲ್ಲಿ ಸಾಹೇಬರ ಉತ್ತರ ಅಳಿಸಿ ನನ್ನ ಪ್ರೋಗ್ರಾಮಿನ ಉತ್ತರ ಬರೆದೆ. ಓಡಿಸಿದೆ. ನಲವತ್ತು ಚುಕ್ಕೆ. ಓಕೆ.

ಮುಂದಿನ ಸಲ ಹೋದಾಗ ಮೇಡಂ ಕೇಳಿದರು, ‘ಏನಾಗಿತ್ರೀ ಸರ್ ಅದು?’

‘ಸಾಹೇಬರ ಲೆಕ್ಕ ತಪ್ಪಿತ್ತು ಮೇಡಂ. ಸರಿ ಮಾಡಿದೆ.’

‘ಪ್ರೋಗ್ರಾಂ ಸರಿ ಮಾಡಿದ್ರೋ, ಉತ್ತರ ಸರಿ ಮಾಡಿದ್ರೋ?’

‘ಉತ್ತರ.’

ಅವರು ಪೆನ್ನು ಕೆಳಗಿಟ್ಟರು. ‘ಹಂಗ ಮಾಡಬಾರದ್ರೀ ಸರ್. ಕೈಲೆ ಒಮ್ಮೆ ಮಾಡಿ ನೋಡ್ರಿ. ಬೇಕಾದ್ರ ನಾನೂ ಕುಂದರ್ತೀನಿ.’

‘ಮೇಡಂ, ನೀವು ಹುಟ್ಟೋಕೆ ಮುಂಚಿಂದ ನಾನು ಹೊಲ ಅಳೀತಿದೀನಿ’ ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅದಾಗಿ ಎರಡು ತಿಂಗಳಿಗೆ ಅವರ ಮದುವೆ ನಿಕ್ಕಿಯಾಗಿ ಕೆಲಸ ಬಿಟ್ಟರು.

ಇನ್ನು ಅಕ್ಕನ ವಿಷಯ. ಅಕ್ಕನನ್ನು ಕೊಟ್ಟಿದ್ದು ಕುಪ್ಪಗಡ್ಡೆಗೆ. ಭಾವ ಒಳ್ಳೆಯ ಮನುಷ್ಯ, ಮಾತು ಕಡಿಮೆ. ನಾಲ್ಕು ವರ್ಷದ ಹಿಂದೆ ಎದೆನೋವು ಅಂತ ಕೂತವರು ಏಳಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಭಾವನನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು. ಆಗ ಹೊಲ ಇನ್ನೂ ಪಾಲಾಗಿರಲಿಲ್ಲ, ಭಾವ ಮತ್ತು ಅವರ ತಮ್ಮ ಒಟ್ಟಿಗೇ ಮಾಡುತ್ತಿದ್ದರು. ಹೆಚ್ಚುಕಡಿಮೆ ಹೊಲದ ನಡುವೆ, ರಸ್ತೆ ಕಡೆಗೆ ಸ್ವಲ್ಪ ಒತ್ತಿ ಸಮಾಧಿ ಬಂತು. ಅಕ್ಕ ಪ್ರತಿ ಸೋಮವಾರ ಒಂದು ಚೊಂಬು ನೀರು, ವಿಭೂತಿ, ಯಾವುದಾದರೂ ಹೂವು ಹಿಡಿದು ಹೋಗುತ್ತಿದ್ದಳು. ಸಮಾಧಿಯ ಕಟ್ಟೆ ತೊಳೆದು ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ ಅದೊಂದೇ ಹೋಗಿ ಬರುವ ಜಾಗ.

ಅಕ್ಕನ ಮೈದುನನೇ ಪಾಲು ಮಾಡೋಣ ಅಂದ. ಜಗಳ ಏನೂ ಇರಲಿಲ್ಲ. ರಸ್ತೆ ಕಡೆಯ ಅರ್ಧ ಅಕ್ಕನಿಗೆ, ಹಳ್ಳದ ಕಡೆಯ ಅರ್ಧ ಅವನಿಗೆ, ಅಳೆಯುವುದು ನಾನು. ಮೆಕ್ಕೆಜೋಳ ಕುಯ್ದು ಹೊಲ ಖಾಲಿಯಾದ ಮೇಲೆ ಒಂದು ಬೆಳಗ್ಗೆ ಸರಪಳಿ, ಲ್ಯಾಪ್‌ಟಾಪ್ ಎರಡೂ ಹಿಡಿದು ಹೋದೆ. ಊರಿನ ಹತ್ತು ಜನ ಬಂದು ಹುಣಸೆಮರದ ಕೆಳಗೆ ಕೂತಿದ್ದರು.

ಮೈದುನ ನನ್ನನ್ನು ಪಕ್ಕಕ್ಕೆ ಕರೆದ. ಕರೆದದ್ದು ಪಕ್ಕಕ್ಕೆ, ಹೇಳಿದ್ದು ಎಲ್ಲರಿಗೂ ಕೇಳುವ ಹಾಗೆ. ‘ಭಾವಾ, ಅಣ್ಣನ ಸಮಾಧಿ ಗೆರೆ ಹತ್ರನೇ ಬರೋ ಹಂಗೆ ಕಾಣ್ತದೆ. ಒಂದ್ವೇಳೆ ನನ್ನ ಕಡೆ ಬಿದ್ರೆ ಅಲ್ಲೊಂಚೂರು ಗೆರೆ ಬಗ್ಸಿ ಹಾಕನ. ಅತ್ತಿಗೆ ಕಡೆಗೇ ಇರ್ಲಿ. ನಂದೇನೂ ತಕರಾರಿಲ್ಲ.’

ಅವನು ಅಷ್ಟು ಹೇಳಿದ. ನಾನು ಏನು ಹೇಳಿದೆ ಅಂತ ಅಕ್ಷರ ಅಕ್ಷರ ನೆನಪಿದೆ. ‘ಬಗ್ಸೋದೆಲ್ಲ ಬ್ಯಾಡ ಮಾರಾಯ. ನಾಳೆ, ಅಳೆಯೋಕೆ ಬಂದು ಅಕ್ಕಂಗೆ ಜಾಸ್ತಿ ಹಾಕ್ಸಿದ ಅಂತ ಮಾತು ಬರ್ತದೆ. ಇದು ಎಲ್ಲಿ ಹೇಳ್ತದೋ ಅಲ್ಲಿ ಕಲ್ಲು.’ ಹಾಗಂತ ಲ್ಯಾಪ್‌ಟಾಪಿನ ಬೆನ್ನು ತಟ್ಟಿದೆ.

ಕೂತಿದ್ದ ಹಿರಿಯರೊಬ್ಬರು ಕೇಳಿದರು, ‘ಹೌದೇನೋ, ನಿನ್ನ ಕಂಪ್ಯೂಟ್ರು ಅಷ್ಟು ಸತ್ಯವಂತನಾ?’

‘ಅಜ್ಜಾ, ಅದು ನಲವತ್ತು ಪರೀಕ್ಷೆ ಪಾಸಾಗಿದೆ. ನಾನು ಒಂದೂ ಆಗಿಲ್ಲ.’

ಎಲ್ಲರೂ ನಕ್ಕರು. ಈ ಸಲ ನಕ್ಕಿದ್ದು ನನ್ನ ಪರವಾಗಿ. ಅಕ್ಕನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಅಳೆದೆ. ರಸ್ತೆ ಕಡೆ ಅಗಲ ಒಂಬತ್ತು ಸರಪಳಿ, ಹಳ್ಳದ ಕಡೆ ಏಳು. ಉದ್ದ ಹದಿನಾರು ಸರಪಳಿ ಹತ್ತಾಣೆ. ಕೂಗುವ ಅಭ್ಯಾಸ ಬಿಟ್ಟಿಲ್ಲ, ಕೂಗಿದೆ. ಆಮೇಲೆ ಬದುವಿನ ಮೇಲೆ ಕೂತು ಉದ್ದದ ಜಾಗದಲ್ಲಿ 16.10 ಅಂತ ಒತ್ತಿದೆ. ಒಟ್ಟು ಮೂರು ಎಕರೆ ಎಂಟು ಗುಂಟೆ ಎಂಟಾಣೆ ಅಂತ ಬಂತು.

ಅಜ್ಜ ಪಹಣಿ ಹಿಡಿದು ಕೂತಿದ್ದರು. ‘ಇದ್ರಲ್ಲಿ ಮೂರು ಹದಿಮೂರು ಅಂತಿದೆಯಲ್ಲೋ. ನಾಕು ಗುಂಟೆ ಎಲ್ಹೋಯ್ತು?’

ಒಂದು ಕ್ಷಣ ನನಗೂ ಕಸಿವಿಸಿಯಾಯಿತು. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಪಹಣಿಯಲ್ಲಿದ್ದಷ್ಟು ಭೂಮಿ ನೆಲದ ಮೇಲೆ ಸಿಕ್ಕಿದ್ದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ‘ಹಳ್ಳ ತಿಂದಿದೆ ಅಜ್ಜಾ’ ಅಂದೆ. ಎಲ್ಲರೂ ಹೌದು ಹೌದು ಅಂದರು. ಹಳ್ಳ ತಿನ್ನುವುದನ್ನು ನೋಡದವರು ಅಲ್ಲಿ ಯಾರೂ ಇರಲಿಲ್ಲ.

ಅರ್ಧದ ಗೆರೆ ರಸ್ತೆಯಿಂದ ಏಳು ಸರಪಳಿ ಎಂಟೂವರೆ ಆಣೆಗೆ ಬರಬೇಕು ಅಂತ ಪ್ರೋಗ್ರಾಂ ಹೇಳಿತು. ಅಳೆದು ಸುಣ್ಣ ಹಾಕಿದೆವು. ಗೆರೆ ಸಮಾಧಿಯ ಕಟ್ಟೆಗಿಂತ ಒಂದಡಿ ಈಚೆಗೇ ಹಾದುಹೋಯಿತು. ಸಮಾಧಿ ಪೂರ್ತಿ ಮೈದುನನ ಕಡೆ.

ಮೈದುನನೇ ಮತ್ತೆ, ‘ಈಗ್ಲೂ ಹೇಳ್ತೀನಿ ಭಾವಾ’ ಅಂದ. ಅಕ್ಕ ಸಮಾಧಿ ನೋಡಲಿಲ್ಲ, ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದ ಹಾಗೆ ಕಂಡಿತು. ನಾನು, ‘ಲೆಕ್ಕ ಅಂದ್ರೆ ಲೆಕ್ಕ’ ಅಂದುಬಿಟ್ಟೆ. ಅವಳು ಬಾಯಿ ಮುಚ್ಚಿದಳು. ಬದಿಗಳಿಗೆ ಎರಡು, ನಡುವೆ ಸಮಾಧಿಯ ಹತ್ತಿರ ಒಂದು, ಹೀಗೆ ಮೂರು ಬಾಂದುಕಲ್ಲು ಹುಗಿದೆವು. ಮಧ್ಯದ ಕಲ್ಲಿಗೆ ಗುಂಡಿ ತೋಡಿದ್ದು ನಾನೇ.

‘ಅತ್ತಿಗೆ ಯಾವಾಗ ಬೇಕಾದ್ರೂ ಬಂದು ಮಾಡ್ಕೊಂಡು ಹೋಗ್ಲಿ, ಯಾರು ಬ್ಯಾಡ ಅಂತಾರೆ’ ಅಂದ ಮೈದುನ. ಮನಸ್ಸಿನಿಂದಲೇ ಅಂದ. ಕಾಗದದಲ್ಲಿ ಸಮಪಾಲು ಅಂತ ಬರೆಸಿದರು, ಗಡಿ ಎಲ್ಲಿ ಅಂದರೆ ಕಲ್ಲು ಇದ್ದಲ್ಲಿ. ಪಹಣಿ ಬೇರೆಬೇರೆಯಾಯಿತು.

ಮುಂದಿನ ಬೆಳೆಗೆ ಹಂದಿ ಕಾಟ ಜೋರಾಯಿತು. ಮೈದುನ ತನ್ನ ಪಾಲಿಗೆ ಸೋಲಾರ್ ಬೇಲಿ ಹಾಕಿದ. ಅದಕ್ಕೂ ತಪ್ಪು ಹೇಳುವ ಹಾಗಿಲ್ಲ, ಎಲ್ಲರೂ ಹಾಕುತ್ತಾರೆ. ಬೇಲಿಯ ಸ್ವಿಚ್ಚು ಅವನ ಮನೆಯಲ್ಲಿ. ಸೋಮವಾರ ಅಕ್ಕ ಅವರ ಮನೆಗೆ ಹೋಗಿ ‘ಒಂಚೂರು ಆಫ್ ಮಾಡ್ರೋ’ ಅನ್ನಬೇಕು. ಮೊದಲು ಮಾಡಿದರು. ಆಮೇಲೆ ಒಂದು ಸೋಮವಾರ ಮನೆಗೆ ಬೀಗ ಇತ್ತು. ಇನ್ನೊಂದು ಸೋಮವಾರ ಆಫ್ ಮಾಡಿದವರು ಮತ್ತೆ ಹಾಕುವುದನ್ನು ಮರೆತು, ಹಂದಿ ನುಗ್ಗಿ ಒಂದು ಮೂಲೆಯ ಜೋಳವೆಲ್ಲ ಹಾಳಾಯಿತು. ಮೈದುನನ ಹೆಂಡತಿ ಏನೋ ಅಂದಳಂತೆ. ಏನು ಅಂತ ಅಕ್ಕ ನನಗೆ ಹೇಳಿಲ್ಲ. ಅಲ್ಲಿಂದ ಅವಳು ಸ್ವಿಚ್ಚು ಕೇಳುವುದನ್ನು ಬಿಟ್ಟಳು.

ನಾನು ಸಮಾಧಾನ ಹೇಳುತ್ತಿದ್ದೆ. ‘ಅಕ್ಕಾ, ಪಾಲು ಅಂದ್ಮೇಲೆ ಹಿಂಗೆಲ್ಲ ಇರ್ತದೆ. ನಮ್ಮ ಹಣೆಗೆ ಗೆರೆ ಅಲ್ಲಿ ಬಂತು, ಏನ್ಮಾಡೋದು?’ ಅವಳು ಹೂಂ ಅನ್ನುತ್ತಿದ್ದಳು. ಅವಳ ಹೂಂ ಕೇಳಿ ನಾನು ಚಾ ಕುಡಿದು ಬಸ್ಸು ಹತ್ತುತ್ತಿದ್ದೆ.

ಕಳೆದ ವರ್ಷ ಜಡೆಯಲ್ಲಿ ಒಬ್ಬರ ಹೊಲ ಅಳೆಯಲು ಹೋಗಿದ್ದೆ. ಚಿಕ್ಕ ಹೊಲ, ಕಣ್ಣಿನಲ್ಲೇ ಎಷ್ಟು ಅಂತ ಹೇಳಬಹುದಾದದ್ದು. ಉದ್ದ ಒಂಬತ್ತು ಸರಪಳಿ ಹತ್ತಾಣೆ, ಅಗಲ ಎಲ್ಲ ಕಡೆ ಎರಡು ಸರಪಳಿ. ಹತ್ತೊಂಬತ್ತು ಗುಂಟೆ ನಾಲ್ಕಾಣೆ ಆಗಬೇಕು, ನಾಲ್ಕನೇ ಕ್ಲಾಸಿನ ಲೆಕ್ಕ. ಪ್ರೋಗ್ರಾಂ ಹದಿನೆಂಟು ಗುಂಟೆ ಎರಡಾಣೆ ಅಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಬದುವಿನ ಮೇಲೆ ಕೂತು, ನಾನು ಕೊಟ್ಟ ಉದ್ದವನ್ನು ನನಗೇ ತೋರಿಸು ಅಂತ ಒಂದು ಸಾಲು ಬರೆದೆ.

9.1 ಅಂತ ತೋರಿಸಿತು.

ನಾನು ಕೊಟ್ಟದ್ದು 9.10. ಕಂಪ್ಯೂಟರಿಗೆ ಚುಕ್ಕೆಯ ಆಚೆಗಿನ ಕೊನೆಯ ಸೊನ್ನೆ ಲೆಕ್ಕಕ್ಕಿಲ್ಲ, ಅದನ್ನು ಉದುರಿಸಿಬಿಡುತ್ತದೆ. ಅಂಗಡಿಯ ತಕ್ಕಡಿಗೆ, ಪೆಟ್ರೋಲ್ ಬಂಕಿಗೆ ಅದು ಸರಿ. ನಮ್ಮ ಸರಪಳಿ ಪುಸ್ತಕಕ್ಕೆ ಸರಿಯಲ್ಲ. ಹತ್ತಾಣೆ ಹೋಗಿ ಒಂದಾಣೆ ಆಯಿತು. ಒಂಬತ್ತಾಣೆ ನೆಲವೇ ಇಲ್ಲ. ಬೇರೆ ಯಾವ ಆಣೆಗೂ ಹೀಗಾಗುವುದಿಲ್ಲ. ಒಂಬತ್ತಕ್ಕೆ ಆಗುವುದಿಲ್ಲ, ಹನ್ನೊಂದಕ್ಕೆ ಆಗುವುದಿಲ್ಲ. ಹತ್ತಕ್ಕೆ ಮಾತ್ರ.

ಹದಿನೇಳನೇ ಲೆಕ್ಕ ಆಗಲೇ ನೆನಪಾಯಿತು. ಜಡೆಯವರಿಗೆ ಕೈಲೆಕ್ಕ ಮಾಡಿಕೊಟ್ಟು ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ಬಂದು ಪುಸ್ತಕ ತೆಗೆದೆ. ಐದು ಮೂಲೆಯ ಹೊಲದ ಉದ್ದ ಹನ್ನೊಂದು ಸರಪಳಿ ಹತ್ತಾಣೆ. ನಾನು ಆರಿಸಿದ ನಲವತ್ತು ಲೆಕ್ಕದಲ್ಲಿ ಹತ್ತಾಣೆ ಇದ್ದದ್ದು ಅದೊಂದರಲ್ಲೇ. ಸಾಹೇಬರು ಅಂಕಿಯ ಮೇಲೆ ಅಂಕಿ ತಿದ್ದಿದ್ದು ತಪ್ಪಿ ಅಲ್ಲ, ಒಮ್ಮೆ ತಪ್ಪಿದ್ದನ್ನು ಮತ್ತೆ ಕೂತು ಸರಿ ಮಾಡಿಕೊಂಡಿದ್ದರು. ಈ ಸಲ ಕೈಯಲ್ಲಿ ಮಾಡಿ ನೋಡಿದೆ. ಮುಕ್ಕಾಲು ಗಂಟೆ. ಎರಡು ಎಕರೆ ಮೂವತ್ತೊಂದು ಗುಂಟೆ. ಹೋಗಿ ಅವರ ಕಾಲು ಹಿಡಿಯೋಣ ಅಂದರೆ ಅವರು ತೀರಿಕೊಂಡು ಆರು ತಿಂಗಳಾಗಿತ್ತು.

ಅವರ ಉತ್ತರವನ್ನು ಟೆಸ್ಟಿನಲ್ಲಿ ಮತ್ತೆ ಬರೆದು ಓಡಿಸಿದೆ. ಹದಿನಾರು ಚುಕ್ಕೆ, ಎಫ್, ಇಪ್ಪತ್ತಮೂರು ಚುಕ್ಕೆ. ಅವತ್ತು ಮೇಡಂ ಎದುರು ಬಂದ ಹಾಗೆಯೇ, ಅದೇ ಜಾಗದಲ್ಲಿ.

ಪ್ರೋಗ್ರಾಂ ತಿದ್ದಲು ಹತ್ತು ನಿಮಿಷ ಸಾಕಾಯಿತು. ಸರಪಳಿ ಬೇರೆ, ಆಣೆ ಬೇರೆ ಕೇಳುವ ಹಾಗೆ ಮಾಡಿದೆ. ಆಮೇಲೆ ಅಕ್ಕನ ಹೊಲದ ಅಳತೆ ಹಾಕಿದೆ. ಮೂರು ಎಕರೆ ಹದಿಮೂರು ಗುಂಟೆ, ಪಹಣಿಯಲ್ಲಿ ಇದ್ದದ್ದಕ್ಕೆ ಸರಿಯಾಗಿ. ಗೆರೆ ಬರಬೇಕಾದದ್ದು ಏಳು ಸರಪಳಿ ಹನ್ನೆರಡೂಮುಕ್ಕಾಲು ಆಣೆಗೆ. ನಾನು ಕಲ್ಲು ಹುಗಿದ ಜಾಗಕ್ಕಿಂತ ಎಂಟೂಮುಕ್ಕಾಲು ಅಡಿ ಆಚೆಗೆ. ಸಮಾಧಿ ಕಟ್ಟೆ ಏಳಡಿ. ಒಂದಡಿ ಈಚೆ, ಮುಕ್ಕಾಲಡಿ ಆಚೆ ಜಾಗ ಬಿಟ್ಟು ಭಾವ ಅಕ್ಕನ ಪಾಲಿನಲ್ಲೇ ಇರುತ್ತಿದ್ದರು.

ಮರುದಿನ ಮೊದಲು ಮೈದುನನ ಮನೆಗೆ ಹೋದೆ. ಜಗಲಿ ಮೇಲೆ ಕೂತು ಎಲ್ಲ ಹೇಳಿದೆ. ಮುಗಿದ ಮೇಲೆ ಅವನು ಕೇಳಿದ, ‘ಭಾವಾ, ನಾನು ಅವತ್ತೇ ಹೇಳಿದ್ನಾ ಇಲ್ವಾ?’

‘ಹೇಳಿದ್ದೆ.’

‘ಒಂದ್ಸಲ ಅಲ್ಲ, ಎರಡ್ಸಲ. ಹತ್ತು ಜನರ ಎದುರಿಗೆ.’

‘ಹೌದು.’

‘ಈಗ ನಾನು ಸುಮ್ನೆ ಕಲ್ಲು ಕಿತ್ತು ಆಚೆ ಇಟ್ರೆ ಜನ ಎಂತ ಅಂತಾರೆ? ಇಷ್ಟು ದಿನ ಅತ್ತಿಗೆ ಜಾಗ ಒತ್ಕೊಂಡಿದ್ದ, ಈಗ ಹೆದ್ರಿ ಬಿಟ್ಟ ಅಂತಾರೆ. ನೀವು ಆ ಹತ್ತು ಜನರ್ನೂ ಮತ್ತೆ ಕರ್ಸಿ. ನಾನು ತಪ್ಪು ಅಳೆದೆ ಅಂತ ನಿಮ್ಮ ಬಾಯಲ್ಲೇ ಹೇಳಿ. ಅತ್ತಿಗೆ ಬಂದು ಕಲ್ಲು ಸರಿಸು ಅನ್ಲಿ. ಅವತ್ತೇ ಬೇಲಿ ಕೀಳ್ತೀನಿ.’

ಅವನು ಕೇಳಿದ್ದರಲ್ಲಿ ಅನ್ಯಾಯ ಏನಿದೆ ಅಂತ ಹುಡುಕಿದೆ. ಸಿಗಲಿಲ್ಲ.

ಅಕ್ಕ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವಳಿಗೂ ಹೇಳಿದೆ. ಸೊನ್ನೆ, ಚುಕ್ಕೆ ಅವಳಿಗೆ ಅರ್ಥವಾಗುವುದಿಲ್ಲ ಅಂತ, ‘ನಾಕು ಗುಂಟೆ ಹಳ್ಳ ತಿಂದಿರ್ಲಿಲ್ಲ ಅಕ್ಕಾ, ನಾನು ತಿಂದಿದ್ದೆ’ ಅಂದೆ.

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ‘ಹಳ್ಳ ತಿಂದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು’ ಅಂದಳು.

‘ಎಂತದು?’

‘ಆ ದಡಕ್ಕೆ ನಿಮ್ಮ ಭಾವ ಕಲ್ಲು ಕಟ್ಟಿದ್ರಲ್ಲ. ಎರಡು ಬೇಸಿಗೆ ಕಟ್ಟಿದ್ರು. ನಾನೇ ಕಲ್ಲು ಹೊತ್ತಿದ್ದು. ಅದ್ರಲ್ಲಿ ಒಂದು ಕಲ್ಲೂ ಅಲ್ಲಾಡಿಲ್ಲ ತಮ್ಮಾ. ಹಳ್ಳ ಎಲ್ಲಿಂದ ತಿಂತದೆ?’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ಹತ್ತು ಜನ ಕೂತಿದ್ರು. ಎಲ್ರೂ ನೀ ಹೇಳಿದ್ದು ಕೇಳ್ತಿದ್ರು. ಅಪ್ಪ ಶಾಲೆ ಬಿಡ್ಸಿದ ಮೇಲೆ ನಿನ್ನ ಮಾತು ಯಾರು ಕೇಳಿದ್ರು ಹೇಳು? ಅವತ್ತು ಕೇಳ್ತಿದ್ರು.’

ನಾನು ಮೈದುನ ಹೇಳಿದ್ದನ್ನು ಹೇಳಿದೆ. ಹತ್ತು ಜನರನ್ನು ಕರೆಸುತ್ತೇನೆ, ನೀನು ಬಂದು ಒಂದು ಮಾತು ಅಂದರೆ ಸಾಕು ಅಂದೆ.

‘ಬ್ಯಾಡ’ ಅಂದಳು. ‘ಸ್ವಂತ ಭಾವಂದೇ ಸಮಾಧಿ ಕಳೆದ ಅಂತಾರೆ. ಮತ್ಯಾರೂ ನಿನ್ನ ಅಳೆಯೋಕೆ ಕರೆಯಲ್ಲ. ನಂದು ಹೆಂಗೋ ಆಗ್ತದೆ. ಬಿಡು.’

ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಅವಳು ಬ್ಯಾಡ ಅಂದಾಗ ನನಗೆ ಒಳಗೆ ಹಾಯೆನಿಸಿತು. ಎರಡು ಸಲ ಒತ್ತಾಯ ಮಾಡಿದೆ, ಮೂರನೇ ಸಲ ಮಾಡಲಿಲ್ಲ. ಅವಳಿಗೆ ಅದು ಕಂಡಿರಬೇಕು. ‘ಚಾ ಮಾಡ್ತೀನಿ, ಕೂತ್ಕೋ’ ಅಂತ ಎದ್ದುಹೋದಳು.

ಅಕ್ಕನ ಹೊಲದ ಅಳತೆಯನ್ನು ನಲವತ್ತೊಂದನೇ ಟೆಸ್ಟ್ ಮಾಡಿ ಸೇರಿಸಿದ್ದೇನೆ. ಏಳು ಸರಪಳಿ ಹನ್ನೆರಡೂಮುಕ್ಕಾಲು ಆಣೆ ಅಂತ ಬರೆದಿಟ್ಟಿದ್ದೇನೆ. ಪ್ರತಿ ಬೆಳಗ್ಗೆ ಪ್ರೋಗ್ರಾಂ ಸರಿ ಉತ್ತರ ಹೇಳುತ್ತದೆ, ರನ್ನರ್ ತಾಳೆ ನೋಡಿ ಚುಕ್ಕೆ ಹಾಕುತ್ತದೆ. ಆ ಹತ್ತು ಜನರಲ್ಲಿ ಅಜ್ಜ ಹೋದರು. ಇನ್ನಿಬ್ಬರಿಗೆ ಕಿವಿ ಕೇಳುವುದಿಲ್ಲ. ನನ್ನನ್ನು ಅಳೆಯಲು ಈಗಲೂ ಕರೆಯುತ್ತಾರೆ. ಹೋಗುತ್ತೇನೆ, ಕೈಯಲ್ಲಿ ಒಂದು ಸಲ, ಪ್ರೋಗ್ರಾಮಿನಲ್ಲಿ ಒಂದು ಸಲ ಮಾಡುತ್ತೇನೆ. ಭಾರೀ ನಿಖರ ಅಂತ ಹೊಗಳುತ್ತಾರೆ.

ಹೋದ ತಿಂಗಳು ಒಂದು ಸೋಮವಾರ ಕುಪ್ಪಗಡ್ಡೆಗೆ ಹೋಗಿದ್ದೆ. ಅಕ್ಕ ಮನೆಯಲ್ಲಿ ಇರಲಿಲ್ಲ. ಹೊಲಕ್ಕೆ ಹೋದೆ. ಮೈದುನನ ಜೋಳ ಆಳೆತ್ತರ ಬೆಳೆದು ಸಮಾಧಿ ಕಾಣುತ್ತಿರಲಿಲ್ಲ. ಅಕ್ಕ ಬೇಲಿಯ ಈಚೆ, ಮಧ್ಯದ ಬಾಂದುಕಲ್ಲಿನ ಮುಂದೆ ಕೂತಿದ್ದಳು. ಕಲ್ಲು ತೊಳೆದು ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದಳು, ಮೇಲೊಂದು ದಾಸವಾಳ ಇಟ್ಟಿದ್ದಳು. ಕಲ್ಲಿನ ಬುಡ ಸಾರಿಸಿ ಸಾರಿಸಿ ಗಟ್ಟಿಯಾಗಿತ್ತು, ಬಹಳ ದಿನದಿಂದ ನಡೆಯುತ್ತಿದೆ ಅಂತ ಗೊತ್ತಾಗುತ್ತಿತ್ತು. ರಸ್ತೆಯಲ್ಲಿ ಹೋಗುವವರು ಯಾವುದೋ ದೇವರು ಅಂದುಕೊಂಡಿರಬೇಕು, ಯಾರೋ ಒಂದು ಊದುಬತ್ತಿ ಸಿಕ್ಕಿಸಿ ಹೋಗಿದ್ದರು.

ನಾನು ಹತ್ತಿರ ಹೋಗಿ ನಿಂತೆ. ಈ ಸಲ ನಿಜವಾಗಿಯೇ ಹೇಳಿದೆ, ‘ಅಕ್ಕಾ, ಕಲ್ಲು ಸರಿಸೋಣ. ಎಲ್ಲರ್ನೂ ಕರೆಸ್ತೀನಿ. ಯಾರು ಏನಾದ್ರೂ ಅನ್ಲಿ.’

ಅವಳು ಕಲ್ಲಿನ ಮೇಲೆ ಅಂಗೈ ಇಟ್ಟಳು.

‘ಇದನ್ನ ಕೀಳಬ್ಯಾಡ ತಮ್ಮಾ’ ಅಂದಳು. ‘ಇಷ್ಟು ದಿನ ಇದನ್ನೇ ಪೂಜೆ ಮಾಡಿದೀನಿ.’